ಬೀಗದ ಕೈ ಕೊಡುವ ಮುಂಚೆ

ಪ್ರೀತಿಯ ಪುಟ್ಟಿ,

ಮಹಡಿ ಮೇಲಿನ ಎರಡು ಕೋಣೆಗಳನ್ನು ಏರ್‌ಬಿಎನ್‌ಬಿಯಲ್ಲಿ, ಅದೇ ಊರಿಗೆ ಬಂದವರು ಕೆಲವು ದಿನಕ್ಕೆ ಮನೆ ಬುಕ್ ಮಾಡುವ ಆಪ್‌ನಲ್ಲಿ, ಬಾಡಿಗೆಗೆ ಹಾಕ್ತೀನಿ ಅಂದೆಯಲ್ಲ, ಅವತ್ತಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಬೇಡ ಅನ್ನುವುದಿಲ್ಲ. ಸುಮ್ನೆ ಖಾಲಿ ಬಿದ್ದಿರುವ ಕೋಣೆಯಿಂದ ನಾಲ್ಕು ಕಾಸು ಬಂದರೆ ಒಳ್ಳೆಯದೇ. ಫೋನಿನಲ್ಲಿ ಎಲ್ಲ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಕಳ್ಳತನದ ಬಗ್ಗೆ. ನನಗೆ ಅದಕ್ಕಿಂತ ಜಾಸ್ತಿ ಭಯ ಬಚ್ಚಲಿನ ಗ್ಯಾಸ್ ಗೀಸರ್‌ನದು. ಕಳೆದ ವಸ್ತು ಮತ್ತೆ ಕೊಳ್ಳಬಹುದು. ಗೀಸರ್ ಸರಿಯಾಗಿ ಉರಿಯದೆ, ಗಾಳಿಯೂ ಆಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾಕೋ ತಲೆ ಸುತ್ತುತ್ತಿದೆ ಅಂದುಕೊಳ್ಳುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇಲ್ಲದೆ ಕುಸಿದುಬಿಡಬಹುದು. ನೀನು ಕಿಟಕಿ ತೆರೆದಿಟ್ಟೇ ಸ್ನಾನ ಮಾಡುತ್ತೀಯ. ಬಂದವರಿಗೆ ಅದು ಗೊತ್ತಿರುವುದಿಲ್ಲ, ಚಳಿ ಅಂತ ಎಲ್ಲ ಮುಚ್ಚಿಕೊಳ್ಳುತ್ತಾರೆ. ಒಮ್ಮೆ ಹಚ್ಚಿ ನೋಡು. ಉರಿ ನೀಲಿಯಾಗಿರಬೇಕು. ಹಳದಿಯಾಗಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಅವತ್ತೇ ಆಫ್ ಮಾಡಿ ರಿಪೇರಿಯವರನ್ನು ಕರೆಸು. ನನ್ನನ್ನು ಕೇಳಿದರೆ ಅದನ್ನು ತೆಗೆಸಿ ಕರೆಂಟಿನ ಗೀಸರ್ ಹಾಕಿಸಿಬಿಡು. ಹೊಗೆಗೊಂದು, ಕಾರ್ಬನ್ ಮೊನಾಕ್ಸೈಡ್‌ಗೊಂದು ಅಲಾರಂ ಬೇಕೇ ಬೇಕು. ನಂಬಿ ಮಲಗುವವರ ಜೀವ ನಮ್ಮ ಕೈಯಲ್ಲಿರುತ್ತದೆ, ಅಲ್ವಾ?

ಇನ್ನು ಬರುವವರ ವಿಷಯ. ಮಾತು, ದುಡ್ಡು ಎರಡೂ ಆಪ್‌ನೊಳಗೇ ನಡೆಯಲಿ. "ಹೊರಗೆ ಕೊಡ್ತೀನಿ, ಕಮಿಷನ್ ಉಳಿಯುತ್ತೆ" ಅಂದವರಿಗೆ ಆಗಲ್ಲ ಅಂತ ಹೇಳಿಬಿಡು. ನಾಳೆ ಏನಾದರೂ ಆದರೆ ಕಂಪನಿ ನಿನ್ನ ನೆರವಿಗೆ ಬರುವುದಿಲ್ಲ. ಇನ್ನೊಂದು ಮೋಸವಿದೆ. ತಪ್ಪಿ ಜಾಸ್ತಿ ಹಣ ಕಳಿಸಿದ್ದೇನೆ, ಉಳಿದದ್ದು ವಾಪಸ್ ಹಾಕಿ ಅಂತಾರೆ. ಅವರು ಕಳಿಸಿದ್ದು ಆಮೇಲೆ ರದ್ದಾಗುತ್ತದೆ, ನೀನು ಹಾಕಿದ್ದು ಮಾತ್ರ ಹೋಗಿರುತ್ತದೆ. ಬುಕ್ ಮಾಡಿದವರು ಒಬ್ಬರು, ಬಾಗಿಲಿಗೆ ಬಂದವರು ಇನ್ನೊಬ್ಬರು ಆದರೆ ಬೀಗದ ಕೈ ಕೊಡಬೇಡ. ಮೊದಲು ಕಂಪನಿಗೆ ಫೋನ್ ಮಾಡು. ಎಷ್ಟು ಜನ, ಯಾತಕ್ಕೆ ಬರುತ್ತಿದ್ದಾರೆ ಅಂತ ಮುಂಚೆಯೇ ಕೇಳುವುದರಲ್ಲಿ ಸಂಕೋಚ ಏನೂ ಬೇಡ. ಒಳ್ಳೆಯವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾರ್ಟಿ ಮಾಡುವ ಹಾಗಿಲ್ಲ ಅಂತ 2022ರಲ್ಲಿ ಕಂಪನಿಯೇ ಕಾಯಂ ನಿಯಮ ಮಾಡಿದೆ. ಆದರೂ ನಿನ್ನ ಮನೆ ನಿಯಮಗಳಲ್ಲಿ ಅದನ್ನು ಬರೆದು ಹಾಕು.

ಹಾಲ್‌ನಲ್ಲಿ ಕ್ಯಾಮೆರಾ ಇಡು ಅಂತ ನಿನ್ನ ಅಣ್ಣ ಹೇಳಿದನಂತೆ. ಖಂಡಿತ ಬೇಡ. 2024ರ ಏಪ್ರಿಲ್ 30ರಿಂದ ಮನೆಯೊಳಗೆ ಕ್ಯಾಮೆರಾ ಇಡುವುದನ್ನು ಏರ್‌ಬಿಎನ್‌ಬಿ ಪೂರ್ತಿ ನಿಲ್ಲಿಸಿದೆ. ನಿಯಮ ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ದುಡ್ಡು ಕೊಟ್ಟು ಬಂದವರು ಬಟ್ಟೆ ಬದಲಾಯಿಸುವ ಜಾಗ ಅದು. ಹೊರಬಾಗಿಲಿಗೆ ಹಾಕಿಸು, ಇದೆ ಅಂತ ಜಾಹೀರಾತಿನಲ್ಲಿ ತಿಳಿಸು.

ನಿನ್ನ ವಿಷಯಕ್ಕೆ ಬರುತ್ತೇನೆ. ಕೆಳಗೆ ಒಬ್ಬಳೇ ಇರುವವಳು ನೀನು. ಮೆಟ್ಟಿಲ ಕಡೆಯ ಬಾಗಿಲಿಗೆ ನಿನ್ನ ಕಡೆಯಿಂದ ಗಟ್ಟಿ ಚಿಲಕ ಇರಲಿ. ಬೀಗದ ಕೈಗೆ ನಕಲು ಮಾಡಿಸುವುದು ದೊಡ್ಡ ಕೆಲಸವಲ್ಲ. ಅದಕ್ಕೇ ಅವರ ಬಾಗಿಲಿಗೆ ನಂಬರ್ ಒತ್ತುವ ಬೀಗ ಹಾಕಿಸಿ, ಒಬ್ಬೊಬ್ಬರು ಹೋದ ಮೇಲೂ ನಂಬರ್ ಬದಲಾಯಿಸು. ವೈಫೈ ಕೂಡ ಅವರಿಗೇ ಬೇರೆ ಕೊಡು. ಮನೆಪತ್ರ, ಒಡವೆ, ಬ್ಯಾಂಕ್ ಪುಸ್ತಕ ಯಾವುದೂ ಮೇಲೆ ಇರಬಾರದು. ಸಂದೇಶ ಓದುವಾಗಲೇ ಯಾಕೋ ಸರಿಯಿಲ್ಲ ಅನ್ನಿಸಿದರೆ, ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಳ್ಳಬೇಡ.

ಪ್ರತಿ ಸಲ ಅವರು ಬರುವ ಮುಂಚೆ ಫೋನ್ ಹಿಡಿದು ಕೋಣೆಯೆಲ್ಲ ಒಂದು ವಿಡಿಯೋ ಮಾಡು. ಹೋದ ಮೇಲೆ ಇನ್ನೊಂದು. ಏನಾದರೂ ಮುರಿದಿದ್ದರೆ 14 ದಿನದೊಳಗೆ ಕಂಪನಿಗೆ ತಿಳಿಸಬೇಕು, ಫೋಟೋ ಇಲ್ಲದೆ ಮಾತು ನಿಲ್ಲುವುದಿಲ್ಲ. ಹಾಗೇ ಹಾಸಿಗೆಯ ಅಂಚನ್ನು ಟಾರ್ಚ್ ಹಾಕಿ ನೋಡು. ಹೊಲಿಗೆಯ ಸಂದಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡರೆ ತಿಗಣೆ ಸೇರಿದೆ ಅಂತಲೇ ಲೆಕ್ಕ. ಆಗ ಮುಂದಿನ ಬುಕಿಂಗ್ ನಿಲ್ಲಿಸು.

ತಿಂಗಳುಗಟ್ಟಲೆ ಇರುತ್ತೇವೆ ಅನ್ನುವವರಿಗೆ ಹೂಂ ಅನ್ನುವ ಮುಂಚೆ ವಕೀಲರನ್ನು ಕೇಳು. ಕೆಲವು ಕಡೆ ಅಷ್ಟು ದಿನ ಇದ್ದವರಿಗೆ ಬಾಡಿಗೆದಾರರ ಹಕ್ಕು ಬಂದುಬಿಡುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಮನೆಯ ವಿಮೆಯ ಕಾಗದವನ್ನೂ ತೆಗೆದು ಓದು. ಬಾಡಿಗೆ ಅತಿಥಿಗಳಿಂದ ಆದ ನಷ್ಟಕ್ಕೆ ಸಾಮಾನ್ಯ ಪಾಲಿಸಿ ಎಷ್ಟೋ ಸಲ ಅನ್ವಯಿಸುವುದಿಲ್ಲ. ವಿಮೆಯವರಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡ ಮೇಲೆಯೇ ಮೊದಲ ಬುಕಿಂಗ್ ತಗೋ.

ಇಂತಿ,
ನಿನ್ನ ಅಮ್ಮ