ನಗು ಬರಲಿ, ಆದರೆ ಯಾರನ್ನು ನೋಡಿ?

ಮಾನ್ಯ ಸಂಪಾದಕರೇ,

ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ತೆರೆದು ಮಲಗಿದ್ದ ಮುದುಕರೊಬ್ಬರ ಫೋಟೋ ಮೊನ್ನೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡಾಡಿತು. ಕೆಳಗೆ ‘ಸ್ಟ್ರೀಟ್ ಫೋಟೋಗ್ರಫಿ’ ಅಂತ ಬೇರೆ! ನನಗಂತೂ ನಗು ಬರಲಿಲ್ಲ.

ನಾನು ನಿವೃತ್ತ ಗುಮಾಸ್ತ. ಭಾನುವಾರ ಬೆಳಿಗ್ಗೆ ಹಳೇ ಕ್ಯಾಮೆರಾ ಹಿಡಿದು ದೇವರಾಜ ಮಾರುಕಟ್ಟೆ ಸುತ್ತುವುದು ನನ್ನ ಚಟ. ಹೋದ ತಿಂಗಳು ಮಾರುಕಟ್ಟೆ ಹೊರಗೆ ಬಾಳೆಹಣ್ಣಿನವರೊಬ್ಬರು ಗಿರಾಕಿ ಜೊತೆ ಐದು ರೂಪಾಯಿಗೆ ಜಗ್ಗಾಡುತ್ತಿದ್ದರು. ‘ಗಿಟ್ಟೋದೇ ಇಲ್ಲ ಸ್ವಾಮಿ’ ಅಂತ ಅವರು ಕೈ ಆಡಿಸುತ್ತಿದ್ದರೆ, ಬೆನ್ನ ಹಿಂದೆ ಹಸುವೊಂದು ಚಿಪ್ಪಿಗೆ ಚಿಪ್ಪನ್ನೇ ಎಳೆದುಕೊಂಡು ಮೆಲ್ಲುತ್ತಿತ್ತು. ಕ್ಲಿಕ್ ಮಾಡಿದ ಮೇಲೆ ‘ಅಣ್ಣಾ, ಹಿಂದೆ ನೋಡಿ’ ಅಂದೆ. ಮೊದಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಆ ಚಿಪ್ಪಿನ ದುಡ್ಡನ್ನು ನಾನೇ ಕೊಟ್ಟೆ.

ಹೆಸರಾಂತ ಫೋಟೋಗ್ರಾಫರ್ ಎಲಿಯಟ್ ಅರ್ವಿಟ್ 1974ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಫೋಟೋ ನೋಡಿ. ಕ್ಯಾಮೆರಾ ನೆಲದ ಮಟ್ಟಕ್ಕೆ ಇಳಿದಿದೆ. ಟೋಪಿ ಹಾಕಿದ ಪುಟಾಣಿ ನಾಯಿ, ಪಕ್ಕದಲ್ಲಿ ಯಜಮಾನಿಯ ಬೂಟು, ಅದರಾಚೆ ಇನ್ನೆರಡು ಉದ್ದ ಕಾಲು. ಅವು ಇನ್ನೊಂದು ದೊಡ್ಡ ನಾಯಿಯವು ಅಂತ ಹೊಳೆಯಲು ಎರಡು ಕ್ಷಣ ಬೇಕು. ಅಲ್ಲಿ ಯಾರ ಮಾನವೂ ಹೋಗುವುದಿಲ್ಲ, ಅಲ್ವಾ?

ಓದುಗರ ಫೋಟೋ ಹಾಕುವಾಗ ತಾವೂ ಇದನ್ನು ಸ್ವಲ್ಪ ಗಮನಿಸಿ. ನಿದ್ದೆ ಮಾಡುವವರು, ಜಾರಿ ಬಿದ್ದವರು ಸುಮ್ನೆ ಸಿಗುವ ಬೇಟೆ. ಹಸುವಿಗೆ ಕಾಯುವುದೇ ಕಷ್ಟದ ಕೆಲಸ.

ಅಂದಹಾಗೆ, ಹಸುವಿನ ಆ ಫೋಟೋವನ್ನು ಪ್ರಿಂಟ್ ಹಾಕಿಸಿ ಬಾಳೆಹಣ್ಣಿನವರಿಗೆ ಕೊಟ್ಟೆ. ತಕ್ಕಡಿ ಪಕ್ಕದಲ್ಲೇ ಅಂಟಿಸಿಕೊಂಡಿದ್ದಾರೆ.

– ನಿವೃತ್ತ ಗುಮಾಸ್ತ, ಮೈಸೂರು