ಯಾರ ಬಾಯಲ್ಲಿ ಯಾವ ಊರು

ಮಾಟುಂಗಾ, ಮುಂಬಯಿ

ಚಿ. ಅಪರ್ಣಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಪುಣೆಯಲ್ಲಿ ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.

ನಿನ್ನ ಪತ್ರ ಕೈಸೇರಿತು. ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಯುವುದಕ್ಕೆ ಮೊದಲೇ ಎರಡು ಕಡೆಯಿಂದ ಕೆಲಸದ ಕರೆ ಬಂದಿರುವುದನ್ನು ಓದಿ ನಿನ್ನ ದೊಡ್ಡಮ್ಮ ಮೊದಲು ದೇವರಿಗೆ ದೀಪ ಹಚ್ಚಿ ಬಂದಳು. ಒಂದು ಕರೆ ಇಲ್ಲೇ ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ನಮ್ಮ ದೇಶದ ಬ್ಯಾಂಕಿನದು. ಇನ್ನೊಂದು ಲಂಡನ್ನಿನ ಬ್ಯಾಂಕೊಂದು ಬೆಂಗಳೂರಿನಲ್ಲಿ ನಡೆಸುತ್ತಿರುವ ಕಚೇರಿಯದು. ಸಂಬಳ ಎರಡರಲ್ಲೂ ಹೆಚ್ಚುಕಡಿಮೆ ಸಮ ಇರುವುದರಿಂದ ಊರಿನ ಹೆಸರನ್ನು ನೋಡಿಯೇ ತೀರ್ಮಾನಿಸುವುದೆಂದು ನಿಶ್ಚಯಿಸಿರುವೆಯೆಂದೂ, ಮುಂದೆ ಹೊರದೇಶಕ್ಕೆ ಹೋಗುವಾಗ ಅಲ್ಲಿನವರ ಎದುರು ಮುಂಬಯಿಯ ಹೆಸರಿಗೆ ಹೆಚ್ಚು ಬೆಲೆಯೋ ಬೆಂಗಳೂರಿನ ಹೆಸರಿಗೋ ತಿಳಿಸಬೇಕೆಂದೂ ಬರೆದಿದ್ದೀಯೆ. ನಿನ್ನಪ್ಪ ಮುಂಬಯಿ ಎನ್ನುತ್ತಾನೆ, ಗೆಳತಿಯರು ಬೆಂಗಳೂರು ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಊರೊಂದರ ಹೆಸರು ಜಗತ್ತಿನಲ್ಲಿ ಎಷ್ಟು ಬಾಯಲ್ಲಿದೆ ಎಂಬುದಕ್ಕಿಂತ ಯಾರ ಬಾಯಲ್ಲಿದೆ ಎಂಬುದನ್ನು ವಿಚಾರಿಸದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನಿನ್ನಪ್ಪನ ಮಾತನ್ನು ಮೊದಲು ನೋಡೋಣ. ಮುಂಬಯಿ ಜನರಿಗೆ ಗೊತ್ತಿರುವುದು ಕಣ್ಣಿನಿಂದ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಹೊರಟವರಿಗೆ ಭಾರತವೆಂದರೆ ಮೊದಲು ಕಾಲಿಡುವ ದಡ ಮುಂಬಯಿಯೇ ಆಯಿತು. ಬಂದಿಳಿದವರು ತಂಗಲು 1903ರಲ್ಲಿ ತಾಜ್ ಹೋಟೆಲು ಎದ್ದುನಿಂತಿತು. 1911ರಲ್ಲಿ ದೊರೆ ಐದನೆಯ ಜಾರ್ಜ್ ಬಂದ ನೆನಪಿಗೆ ಅದರ ಎದುರಿಗೇ ಕಟ್ಟಿದ ಗೇಟ್‌ವೇ ಆಫ್ ಇಂಡಿಯಾ ಪೂರ್ತಿಯಾಗುವ ಹೊತ್ತಿಗೆ 1924 ಆಗಿತ್ತು; ದೊರೆ ಬಂದಾಗ ಅಲ್ಲಿ ನಿಲ್ಲಿಸಿದ್ದದ್ದು ರಟ್ಟಿನ ಕಮಾನು. ಘಾರಾಪುರಿಯ (ಎಲಿಫೆಂಟಾ) ಗುಹೆಗಳು 1987ರಲ್ಲಿ, ನಮ್ಮ ಬೋರಿಬಂದರಿನ ರೈಲು ನಿಲ್ದಾಣ 2004ರಲ್ಲಿ, ಓವಲ್ ಮೈದಾನದ ಎರಡೂ ಮಗ್ಗುಲಿನ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದರ ಜೊತೆಗೆ ಸಿನಿಮಾ ಬೇರೆ. ಹೀಗಾಗಿ ಭಾರತಕ್ಕೆ ಬಾರದವನೂ ಮುಂಬಯಿಯ ಚಿತ್ರವನ್ನು ಗುರುತಿಸುತ್ತಾನೆ. 2008ರ ನವೆಂಬರಿನ ಉಗ್ರರ ದಾಳಿಯಲ್ಲಿ ತಾಜ್‌ನ ಗುಮ್ಮಟದಿಂದ ಹೊಗೆ ಏಳುತ್ತಿದ್ದುದನ್ನು ಟಿವಿಯಲ್ಲಿ ಕಂಡ ಎಷ್ಟೋ ದೇಶಗಳ ಜನರಿಗೆ ಅದು ಯಾವ ಊರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಹಣದ ಲೋಕದಲ್ಲೂ ಮುಂಬಯಿಗೆ ಹಳೆಯ ಸ್ಥಾನವಿದೆ. ಇಲ್ಲಿನ ಷೇರುಪೇಟೆ 1875ರದು. ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ 1937ರಲ್ಲಿ ಕಲ್ಕತ್ತೆಯಿಂದ ಇಲ್ಲಿಗೆ ಬಂದು ಖಾಯಮ್ಮಾಗಿ ನೆಲೆಸಿತು. ಬ್ಯಾಂಕು, ಕಾನೂನು ಮತ್ತು ಲೆಕ್ಕಪರಿಶೋಧನೆಯ ದೊಡ್ಡ ಸಂಸ್ಥೆಗಳ ಕಚೇರಿಗಳನ್ನು ಎಣಿಸಿ ಜಾಗತಿಕ ನಗರಗಳ ಪಟ್ಟಿ ಮಾಡುವವರು ಮುಂಬಯಿಯನ್ನು ಬೆಂಗಳೂರಿಗಿಂತ ಮೇಲಿಡುತ್ತಾರೆ. ಹೊಸ ಕಂಪನಿಗಳನ್ನೂ ಎಂಜಿನಿಯರುಗಳನ್ನೂ ಎಣಿಸುವವರು ಬೆಂಗಳೂರನ್ನು ಮೇಲಿಡುತ್ತಾರೆ. ಪಟ್ಟಿ ನೋಡುವಾಗ ಎಣಿಸಿದ್ದು ಏನನ್ನು ಎಂದು ನೋಡುವ ಅಭ್ಯಾಸ ನಿನ್ನ ವಿದ್ಯೆಯಲ್ಲೇ ಇದೆ. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿನ ಹೆಸರು ಬೇರೆ ದಾರಿಯಲ್ಲಿ ಬಂದದ್ದು. ವಿಧಾನಸೌಧವನ್ನಾಗಲಿ ಲಾಲ್‌ಬಾಗಿನ ಗಾಜಿನ ಮನೆಯನ್ನಾಗಲಿ ಹೊರದೇಶದವರು ಚಿತ್ರದಲ್ಲಿ ಕಂಡು ಗುರುತಿಸುವುದು ಅಪರೂಪ. ಯುನೆಸ್ಕೊ ಪಟ್ಟಿಯಲ್ಲಿ ಹಂಪಿ ಇದೆ, ಪಟ್ಟದಕಲ್ಲು ಇದೆ, 2023ರಿಂದ ಬೇಲೂರು, ಹಳೇಬೀಡು, ಸೋಮನಾಥಪುರಗಳಿವೆ. ಬೆಂಗಳೂರು ನಗರದೊಳಗಿನದು ಒಂದೂ ಇಲ್ಲ. ಆ ಊರನ್ನು ಜಗತ್ತು ತಿಳಿದುಕೊಂಡದ್ದು ಅಲ್ಲಿ ಕುಳಿತವರು ಮಾಡಿ ಕಳುಹಿಸಿದ ಕೆಲಸದಿಂದ. 1975ರ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಜಗತ್ತು ನೋಡಿದ್ದು ಬೆಂಗಳೂರಿನ ನಿಯಂತ್ರಣ ಕೊಠಡಿಯನ್ನು. ನಡುವೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಕಚೇರಿ ತೆರೆದು, ಉಪಗ್ರಹದ ಸಂಪರ್ಕದಿಂದಲೇ ಅಮೆರಿಕದೊಂದಿಗೆ ಕೆಲಸ ನಡೆಸಿ ತೋರಿಸಿತು. ಆ ಮೇಲೆ ಬಂದವರೆಲ್ಲರೂ ನಡೆದದ್ದು ಅದೇ ದಾರಿಯಲ್ಲಿ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಎರಡು ಊರುಗಳನ್ನು ಎದುರುಬದುರು ಕಟ್ಟಿ ಜಗಳವಾಡುವವರು ಇದನ್ನು ಮರೆಯುತ್ತಾರೆ. ತಾಜ್ ಹೋಟೆಲನ್ನು ಕಟ್ಟಿಸಿದ ಜಮ್‌ಷೆಟ್‌ಜಿ ಟಾಟಾ ಅವರೇ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡವರು. ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ಜಮೀನನ್ನೂ ಅದಕ್ಕೆಂದು ಮೀಸಲಿಟ್ಟರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ನೆಲ ಕೊಟ್ಟಿತು. 1904ರಲ್ಲಿ ತೀರಿಕೊಂಡ ಅವರು 1909ರಲ್ಲಿ ಸ್ಥಾಪನೆಯಾದ ಸಂಸ್ಥೆಯನ್ನು ಕಣ್ಣಾರೆ ಕಾಣಲಿಲ್ಲ. ಎಂದರೆ ಮುಂಬಯಿಯ ಅತ್ಯಂತ ಪ್ರಸಿದ್ಧ ಹೋಟೆಲೂ ಬೆಂಗಳೂರಿನ ವಿಜ್ಞಾನದ ಹೆಸರಿಗೆ ಬುನಾದಿಯಾದ ಸಂಸ್ಥೆಯೂ ಒಬ್ಬರದೇ ಸಂಕಲ್ಪದ ಫಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದ ವಾಲಚಂದ ಹಿರಾಚಂದರೂ ಮುಂಬಯಿಯ ಉದ್ಯಮಿಯೇ. ತಿರುಗಿ ನೋಡಿದರೆ, ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕಣ್ಣುಬಿಟ್ಟದ್ದು ಬೆಂಗಳೂರಿನ ಆ ವಿಜ್ಞಾನ ಸಂಸ್ಥೆಯ ಆವರಣದಲ್ಲಿ; ಅದೇ ವರ್ಷ ಅದು ಮುಂಬಯಿಗೆ ಬಂತು. ನಿಮ್ಮ ಪುಣೆಯ ಪಾಲೂ ಇದೆ: 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಹೋಯಿತು.

ಪುಣೆಯ ಮಾತು ಬಂದದ್ದರಿಂದ ಹೇಳುತ್ತೇನೆ. "ನಮ್ಮ ಊರನ್ನಂತೂ ಹೊರಗೆ ಯಾರೂ ಕೇಳಿಲ್ಲ" ಎಂದು ಬರೆದಿದ್ದೀಯಲ್ಲ, ಮಾಡೆಲ್ ಕಾಲೊನಿಯ ಕಡೆಗೆ ಒಮ್ಮೆ ಹೋಗಿ ಬಾ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರರು 1975ರಲ್ಲಿ ತೆರೆದ ಯೋಗ ಸಂಸ್ಥೆ ಅಲ್ಲಿದೆ. ಅಲ್ಲಿ ಕಲಿಯಲು ಹೊರದೇಶಗಳಿಂದ ಬಂದವರು ನೆರೆಯ ಬೀದಿಗಳಲ್ಲಿ ಬಾಡಿಗೆ ಕೋಣೆ ಹಿಡಿದು ತಿಂಗಳುಗಟ್ಟಲೆ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಕೇಳಿ ನೋಡು, ಮುಂಬಯಿ ಅವರ ಪಾಲಿಗೆ ವಿಮಾನ ಇಳಿದು ಟ್ಯಾಕ್ಸಿ ಹಿಡಿಯುವ ಜಾಗ ಮಾತ್ರ. ಖಗೋಳ ವಿಜ್ಞಾನಿಗಳಿಗೂ ಹಾಗೆಯೇ: ನಿಮ್ಮ ಪುಣೆ ಜಿಲ್ಲೆಯಲ್ಲಿ ನಾರಾಯಣಗಾಂವದ ಬಳಿಯ ಖೋಡದ್ ಎಂಬ ಹಳ್ಳಿ, ಅಲ್ಲಿನ ಮೂವತ್ತು ದೊಡ್ಡ ರೇಡಿಯೊ ದೂರದರ್ಶಕಗಳಿಂದಾಗಿ ಅವರಿಗೆ ಗೊತ್ತು.

ನನ್ನ ಕಸುಬಿನಿಂದಲೂ ಒಂದು ಉದಾಹರಣೆ ಕೊಡಬಲ್ಲೆ. ಬಲ್ಲಾರ್ಡ್ ಎಸ್ಟೇಟಿನ ಹಡಗು ಏಜೆಂಟರ ಕಚೇರಿಯಲ್ಲಿ ನಾನು ದುಡಿಯುತ್ತಿದ್ದಾಗ ಬಿಲ್ ಆಫ್ ಲೇಡಿಂಗ್ ಎಂಬ ಸರಕು ಪತ್ರಗಳು ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಸರಕು ಹೇರುವ ಬಂದರು, ಇಳಿಸುವ ಬಂದರು ಎಂದು ಅದರಲ್ಲಿ ಎರಡು ಅಂಕಣ. ಮೊದಲೆಲ್ಲ ಅಲ್ಲಿ ಮುಂಬಯಿಯ ಹೆಸರೇ ಇರುತ್ತಿತ್ತು. 1989ರಲ್ಲಿ ಖಾಡಿಯ, ಎಂದರೆ ಊರಿನ ಪಕ್ಕದ ಕಡಲ ಹಿನ್ನೀರಿನ, ಆಚೆಗೆ ಹೊಸ ಬಂದರು ಶುರುವಾಗಿ ಕಂಟೇನರುಗಳೆಲ್ಲ ಅತ್ತ ಸರಿದ ಮೇಲೆ, ರಾಟರ್‌ಡ್ಯಾಮ್, ಹ್ಯಾಂಬರ್ಗ್‌ಗಳ ಗುಮಾಸ್ತರು ಆ ಅಂಕಣದಲ್ಲಿ 'ನ್ಹಾವಾ ಶೇವಾ' ಎಂದು ಒಂದಕ್ಷರ ತಪ್ಪದೆ ಬರೆದು ಕಳುಹಿಸತೊಡಗಿದರು. ಮುಂಬಯಿಯ ಹೆಸರಾಂತ ಜುಹೂ ಕಡಲತೀರ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಾರದು. ಮುಂಬಯಿ ನೋಡಲು ಬರುವ ಪ್ರವಾಸಿಗೆ ಶೇವಾ ಎಂಬ, ಕೋಲಿ ಸಮುದಾಯದ ಮೀನುಗಾರರ ಊರೊಂದಿತ್ತೆಂಬುದೇ ತಿಳಿಯದು. ಆದರೆ ಸರಕಿನವರ ಲೋಕದಲ್ಲಿ ಅದು ದೊಡ್ಡ ಹೆಸರು, ಮತ್ತು ಕೆಲಸ ಹುಡುಕುವವನಿಗೆ ಉಪಯೋಗಕ್ಕೆ ಬರುವುದು ಅಂಥ ಹೆಸರು.

ಪ್ರಸಿದ್ಧಿಯ ಇನ್ನೊಂದು ಮುಖವೂ ಇದೆ, ಅದರ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿ ಲೋಕದ ಪತ್ರಿಕೆಗಳಿಗೆ ಬಂತು. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ತುಂಬಿ ಹೊರವರ್ತುಲ ರಸ್ತೆಯ ಕಂಪನಿಗಳವರು ಟ್ರ್ಯಾಕ್ಟರಿನ ಮೇಲೆ ಕಚೇರಿಗೆ ಹೋದಾಗ ಬೆಂಗಳೂರೂ ಬಂತು. ಇರುವುದಕ್ಕೆ ಯಾವುದು ಹಿತ ಎಂದು ಕೇಳಿದರೆ, ಇಲ್ಲಿನ ಬಾಡಿಗೆಯೂ ಲೋಕಲ್ ಗಾಡಿಯ ನೂಕುನುಗ್ಗಲೂ ಒಂದು ಬಗೆ, ಅಲ್ಲಿನ ಸಿಗ್ನಲ್ಲುಗಳಲ್ಲಿ ಸಾಯುವ ಸಂಜೆಗಳು ಇನ್ನೊಂದು ಬಗೆ. ಭಾಷೆಯ ಅನುಕೂಲ ಮಾತ್ರ ನಿನಗೆ ಅಲ್ಲಿ ಹೆಚ್ಚು, ನಿನ್ನ ಮರಾಠಿ ಬೆರೆತ ಕನ್ನಡವನ್ನು ಕೇಳಿ ಅವರು ನಕ್ಕರೂ.

ನಮ್ಮ ಹಿರಿಯರು ಮುಂಬಯಿಗೆ ಬಂದದ್ದು ಅದರ ಹೆಸರನ್ನು ನಂಬಿ ಅಲ್ಲ ಎಂಬುದನ್ನೂ ನೆನಪಿಡು. ಊರಿನವರೊಬ್ಬರ ಹೋಟೆಲು ಇಲ್ಲಿನ ಫೋರ್ಟ್ ಬಡಾವಣೆಯಲ್ಲಿತ್ತು. ಹಗಲು ಬಟಾಟೆ ಸುಲಿದು ರಾತ್ರಿ ಶಾಲೆಯಲ್ಲಿ ಓದಲು ಅವಕಾಶವಿತ್ತು. ಗೊತ್ತಿದ್ದ ಆ ಒಂದು ಬಾಗಿಲನ್ನು ಹುಡುಕಿಕೊಂಡು ಬಂದರು. ನೀನು ವಿಚಾರಿಸಬೇಕಾದದ್ದೂ ಬಾಗಿಲನ್ನೇ.

ಆದ್ದರಿಂದ ನಿನ್ನ ಕೆಲಸಕ್ಕೆ ಬರೋಣ. ಸಾಲ ಕೊಟ್ಟ ಹಣ ಮುಳುಗುವ ಸಂಭವ ಎಷ್ಟೆಂದು ಲೆಕ್ಕ ಹಾಕುವುದು ನಿನ್ನ ವಿದ್ಯೆ. ನಾಳೆ ಲಂಡನ್ನಿನಲ್ಲೋ ಸಿಂಗಪುರದಲ್ಲೋ ನಿನ್ನನ್ನು ಸಂದರ್ಶಿಸುವವರು ಗೇಟ್‌ವೇ ಕಂಡು ಮೆಚ್ಚಿದವರಾಗಿರಬೇಕಿಲ್ಲ, ಇದೇ ಲೆಕ್ಕವನ್ನು ತಾವೂ ಹಾಕುವವರಾಗಿರುತ್ತಾರೆ. ಅವರ ನಡುವೆ ಬೆಂಗಳೂರಿನ ಕಚೇರಿಗಳ ಹೆಸರು ದಿನನಿತ್ಯದ್ದು, ಏಕೆಂದರೆ ಅವರ ಬ್ಯಾಂಕುಗಳ ಲೆಕ್ಕದ ದೊಡ್ಡ ಭಾಗ ಅಲ್ಲಿ ನಡೆಯುತ್ತದೆ. ಅಮೆರಿಕದವರು ಕೂಡ ಬಹಳ ಕಾಲ ಬೆಂಗಳೂರಿನವರನ್ನು ಕಾಯಿಸಿ, 2025ರ ಜನವರಿಯಲ್ಲಿ ಅಂತೂ ಅಲ್ಲಿ ತಮ್ಮ ದೂತಾವಾಸದ ಕಚೇರಿ ತೆರೆದರು. ಮುಂಬಯಿಯಲ್ಲಿ ಅದು ಹಿಂದಿನಿಂದ ಇದ್ದೇ ಇತ್ತು. ಕೆಲಸ ಹೋದ ಕಡೆಗೆ ಕಚೇರಿ ನಿಧಾನವಾಗಿ ಹೋಗುತ್ತದೆ.

ಆದರೂ ಬೆಂಗಳೂರಿನ ಹೆಸರಿನಲ್ಲಿ ಒಂದು ತೊಡಕಿದೆ, ಅದನ್ನು ನಿನ್ನ ಗೆಳತಿಯರು ಹೇಳಿರಲಾರರು. ಹೊರಗಿನ ಕಂಪನಿಗಳವರು "ಅದನ್ನು ಬೆಂಗಳೂರಿಗೆ ಕಳುಹಿಸಿ" ಎನ್ನುತ್ತಾರೆ. ಕಳುಹಿಸಿದ್ದನ್ನು ಮಾಡಿದವರು ಯಾರೆಂದು ಕೇಳುವುದಿಲ್ಲ. ಊರು ಪ್ರಸಿದ್ಧವಾಗಿ ಆಳು ಅನಾಮಿಕನಾಗುವ ಈ ಸ್ಥಿತಿಯಲ್ಲಿ ಹತ್ತು ವರ್ಷ ದುಡಿದವರೂ ಇದ್ದಾರೆ. ಮುಂಬಯಿಯ ಬ್ಯಾಂಕಿನಲ್ಲಾದರೆ ಸಾಲ ಕೇಳಿ ಬಂದವನ ಕಡತ, ಶಾಖೆಯ ಮ್ಯಾನೇಜರನ ಅಳುಕು, ರಿಸರ್ವ್ ಬ್ಯಾಂಕಿನ ತಪಾಸಣೆ ಎಲ್ಲವೂ ನಿನ್ನ ಕಣ್ಣೆದುರೇ ನಡೆಯುತ್ತವೆ, ತೀರ್ಮಾನ ಮಾಡುವವರು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿರುತ್ತಾರೆ.

ನನ್ನನ್ನು ಕೇಳಿದರೆ ಬೆಂಗಳೂರಿಗೆ ಹೋಗು ಎನ್ನುತ್ತೇನೆ, ಆದರೆ ಒಪ್ಪಿಗೆ ಕೊಡುವ ಮೊದಲು ಆ ಕಚೇರಿಯವರಿಗೆ ಎರಡು ಪ್ರಶ್ನೆಗಳನ್ನು ಬರೆದು ಕೇಳು. ನೀನು ಸಿದ್ಧಪಡಿಸಿದ ವರದಿಯ ಮೇಲೆ ನಿನ್ನ ಹೆಸರು ಇರುತ್ತದೆಯೆ, ಅದನ್ನು ಲಂಡನ್ನಿನವರ ಎದುರು ವಿವರಿಸುವುದು ನೀನೋ ನಿನ್ನ ಮೇಲಿನವರೋ. ಹಿಂದಿನ ವರ್ಷಗಳಲ್ಲಿ ಆ ಕಚೇರಿಯಿಂದ ಲಂಡನ್ನಿಗೆ ವರ್ಗವಾಗಿ ಹೋದವರು ಇದ್ದಾರೆಯೆ, ಇದ್ದರೆ ಎಷ್ಟು ಮಂದಿ. ಉತ್ತರ ನೇರವಾಗಿ ಬಂದರೆ ಹೋಗು. ಸುತ್ತಿಬಳಸಿ ಬಂದರೆ ಬಾಂದ್ರಾದ ಬ್ಯಾಂಕಿಗೆ ಒಪ್ಪಿಗೆ ಬರೆದು ನಮ್ಮ ಮನೆಗೆ ಬಂದುಬಿಡು, ಮಾಟುಂಗಾದಿಂದ ಅಲ್ಲಿಗೆ ದೂರವೇನೂ ಇಲ್ಲ. ನಿನ್ನಪ್ಪನ ಜೊತೆ ಈಗಲೇ ವಾದಕ್ಕೆ ಇಳಿಯಬೇಡ. ಉತ್ತರ ಬಂದ ದಿನ ನನಗೆ ಫೋನು ಮಾಡು, ಅವನಿಗೆ ನಾನೇ ಹೇಳುತ್ತೇನೆ.

ನಿನ್ನ ಅಮ್ಮನಿಗೆ ನಮ್ಮ ಆಶೀರ್ವಾದ ತಿಳಿಸು. ದೊಡ್ಡಮ್ಮ ನಿನ್ನನ್ನು ಗಣಪತಿ ಹಬ್ಬಕ್ಕೆ ಕರೆದಿದ್ದಾಳೆ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ