ಪರದೆ ಕಟ್ಟಿ ಸ್ಪೀಕರ್ ಕೇಳಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂದರೆ ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನದ, ಸಮಯ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಅರ್ಥಧಾರಿಯ ಮಾತು ಹಿಂದಿನ ಸಾಲಿಗೂ ಬಿಡಿಬಿಡಿಯಾಗಿ ಕೇಳಬೇಕಾದರೆ ಒಳ್ಳೆಯ ಸ್ಪೀಕರ್ ಬೇಕೇ ಬೇಕು. ಅದಕ್ಕೇ ನಮ್ಮ ಸಂಘದವರು ಹೋದ ವರ್ಷ ವಂತಿಗೆ ಎತ್ತಿದೆವು.

ಅಂಗಡಿಯವರು 3 ಜೋಡಿ ತಂದು ವೇದಿಕೆಯಲ್ಲಿಟ್ಟರು. ಸುಮಾರು 20 ಮಂದಿ ಕೂತು ಕೇಳಿದೆವು. ದೊಡ್ಡ ಪೆಟ್ಟಿಗೆ ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಎದುರು ಕೂತ ಹಿರಿಯರೊಬ್ಬರು ‘ಇದೇ ಆಗಬಹುದು’ ಅಂದರು. ಆಮೇಲೆ ಬೇರೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅದನ್ನೇ ತಗೊಂಡೆವು. ಮೊದಲ ಕೂಟದಲ್ಲೇ ಮಾತೆಲ್ಲ ಗುಂಯ್ ಅಂತ ಕಲಸಿಹೋಯಿತು.

ತಪ್ಪಾದದ್ದು ಕೇಳಿದ ಕ್ರಮದಲ್ಲಿ. ವಾಲ್ಯೂಮ್ ತಿರುಗಣೆ ಮೂರಕ್ಕೂ ಒಂದೇ ಗುರುತಿನಲ್ಲಿತ್ತು. ಹಾಗಿಟ್ಟರೆ ಸಮ ಅನಿಸುತ್ತದೆ, ಅಲ್ವಾ? ಆದರೆ ಸಮ ಅಲ್ಲ. ಒಂದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಲೆಕ್ಕ, ಇನ್ನೊಂದಕ್ಕಿಂತ 3 ಡೆಸಿಬೆಲ್ ಜಾಸ್ತಿ ಇದ್ದರೆ, ಅಷ್ಟೇ ಜೋರಾಗಿ ಕೇಳಿಸಲು ಕಡಿಮೆಯದಕ್ಕೆ ಎರಡರಷ್ಟು ವ್ಯಾಟ್ ಬೇಕು. ಶಬ್ದ ಒಂದಿಷ್ಟು ಏರಿದ್ದರೆ ನಮ್ಮ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಚಂದ ಅನ್ನುತ್ತದೆ. ಇನ್ನು ಜಾಗ. ಗೋಡೆಯ ಮೂಲೆಗೆ ತಾಗಿಸಿಟ್ಟ ಸ್ಪೀಕರಿನ ಕೆಳಸ್ವರ ತಾನಾಗಿ ಉಬ್ಬುತ್ತದೆ. ನಮ್ಮ ದೊಡ್ಡ ಪೆಟ್ಟಿಗೆ ಇದ್ದದ್ದು ಮೂಲೆಯಲ್ಲೇ.

ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬವರು ಸ್ಪೀಕರ್ ಮಾಡುವ ಅಮೆರಿಕದ ಹರ್ಮನ್ ಕಂಪನಿಯಲ್ಲಿದ್ದಾಗ, ಕಣ್ಣಿಗೆ ಕಂಡದ್ದು ಕಿವಿಯ ತೀರ್ಪನ್ನು ಬದಲಿಸುತ್ತದೆಯೇ ಎಂದು ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿದ್ದಾರೆ. ಅದೇ ಸ್ಪೀಕರುಗಳನ್ನು ಕಣ್ಣಿಗೆ ಕಾಣುವಂತೆ ಒಮ್ಮೆ, ಪರದೆಯ ಹಿಂದೆ ಒಮ್ಮೆ ಕೇಳಿಸಿದರೆ ಜನ ಕೊಟ್ಟ ಅಂಕಗಳೇ ಬದಲಾದವು. ಕಣ್ಣಿಗೆ ಕಂಡಾಗ ಗಾತ್ರ, ಬೆಲೆ, ಹೆಸರು ಎಲ್ಲ ಸೇರಿ ಕಿವಿಯನ್ನು ಎಳೆಯುತ್ತವೆ. ಆ ಕಂಪನಿ ಆಮೇಲೆ ಪರದೆಯ ಹಿಂದೆ ಸ್ಪೀಕರುಗಳನ್ನು ಕೆಲವೇ ಸೆಕೆಂಡಿನಲ್ಲಿ ಒಂದೇ ಜಾಗಕ್ಕೆ ತಂದು ನಿಲ್ಲಿಸುವ ಯಂತ್ರವನ್ನೇ ಮಾಡಿತು.

ನಮ್ಮ ಹತ್ತಿರ ಯಂತ್ರ ಇಲ್ಲ. ಈ ವರ್ಷ ಹಗ್ಗ ಕಟ್ಟಿ ತೆಳು ಬಿಳಿ ಪಂಚೆ ಇಳಿಬಿಟ್ಟೆವು. ದಪ್ಪ ಪರದೆ ಆಗದು, ಅದು ಮೇಲುಸ್ವರವನ್ನು ಹೀರುತ್ತದೆ. ಪಿಂಕ್ ನಾಯ್ಸ್ ಎಂಬ ಶ್ಶ್ ಶಬ್ದ ಹಾಕಿ, ಕೂರುವ ಜಾಗದಲ್ಲಿ ಶಬ್ದ ಅಳೆಯುವ ಮೀಟರ್ ಹಿಡಿದು, ಎಲ್ಲವನ್ನೂ ಅರ್ಧ ಡೆಸಿಬೆಲ್ ಒಳಗೆ ಸಮ ಮಾಡಿದೆವು. ಪ್ರತಿ ಜೋಡಿಯಿಂದ ಒಂದೊಂದನ್ನೇ ತಗೊಂಡು, ಇಬ್ಬರು ಹುಡುಗರು ಹಿಂದೆ ನಿಂತು ಒಂದೇ ಗುರುತಿನ ಮೇಲೆ ಬದಲಿಸಿ ಇಡುತ್ತಿದ್ದರು. ಒಂದೇ ಪೆಟ್ಟಿಗೆಯಲ್ಲಿ ಕೇಳಿದರೆ ಕುಂದು ಬೇಗ ತಿಳಿಯುತ್ತದೆ. ಮೊಬೈಲಿಗೆ ಬಂದ ಸಿನಿಮಾ ಹಾಡು ಹಾಕಲಿಲ್ಲ. ನಮ್ಮದೇ ಕೂಟದ ಧ್ವನಿಮುದ್ರಣ ಹಾಕಿದೆವು: ಭಾಗವತರ ಪದ್ಯ, ಚೆಂಡೆಯ ಪೆಟ್ಟು, ಆಮೇಲೆ ಅರ್ಥ, ಎಲ್ಲ ಚಿಕ್ಕ ಚಿಕ್ಕ ತುಣುಕು, ಯಾಕೆಂದರೆ ಧ್ವನಿಯ ನೆನಪು ಬೇಗ ಮಾಸುತ್ತದೆ. ಸ, ಶ, ಳ ಬೇರೆ ಬೇರೆಯಾಗಿ ಕೇಳುತ್ತದೋ ನೋಡಿದೆವು. ಅಂಕ ಚೀಟಿಯಲ್ಲಿ ಬರೆಯಬೇಕು, ಮುಗಿಯುವ ತನಕ ಮಾತಿಲ್ಲ, ತಲೆಯಾಡಿಸುವುದೂ ಇಲ್ಲ. ಪ್ರತಿ ಸುತ್ತಿಗೂ ಕೂರುವ ಜಾಗ ಬದಲು. ಒಂದು ಸ್ಪೀಕರನ್ನು ಹೇಳದೆ ಎರಡು ಸಲ ಹಾಕಿದೆವು. ಆ ಒಂದೇ ಸ್ಪೀಕರಿಗೆ ಎರಡು ಸಲವೂ ತೀರಾ ಬೇರೆ ಬೇರೆ ಅಂಕ ಕೊಟ್ಟವರ ಚೀಟಿಯನ್ನು ಬದಿಗಿಟ್ಟೆವು.

ಪಂಚೆ ಸರಿಸಿದಾಗ ಜಾಸ್ತಿ ಅಂಕ ಸಿಕ್ಕಿದ್ದು ನಡುವಿನ ಗಾತ್ರದ್ದಕ್ಕೆ. ಹೋದ ವರ್ಷದ ದೊಡ್ಡ ಪೆಟ್ಟಿಗೆ ಕೊನೆಗೆ ಬಿತ್ತು. ಮೊದಲು ಅದನ್ನೇ ಮೆಚ್ಚಿದ್ದ ಹಿರಿಯರ ಚೀಟಿಯಲ್ಲೂ ಹಾಗೆಯೇ ಇತ್ತು.

ಮಳೆಗಾಲದ ಆಟಿ ತಿಂಗಳ ಕೂಟಗಳಿಗೆ ಮೊದಲು ಸ್ಪೀಕರ್ ಕೊಳ್ಳುವ ಸಂಘದವರು ದಯವಿಟ್ಟು ಹೀಗೆ ಕೇಳಿ ನೋಡಿ. ಪಂಚೆ, ಹಗ್ಗ, ಮೀಟರ್ ನಾವು ಕೊಡುತ್ತೇವೆ.

— ತಾಳಮದ್ದಳೆ ಸಂಘದ ಸದಸ್ಯ, ಬದಿಯಡ್ಕ